ಉಲ್ಟಾ ಬೀಸಿದ ಗೊಂಬೆ

ಭಯ ನನ್ನ ಹುಟ್ಟುಗುಣ. ಅದರ ಮೇಲೆ ವಿಮಾ ಕಚೇರಿಯಲ್ಲಿ ಅಪಘಾತದ ಕ್ಲೇಮುಗಳನ್ನು ಓದುವ ಕೆಲಸ. ಏಣಿಯಿಂದ ಬಿದ್ದವರು, ತಗಡು ತಗುಲಿ ಬೆರಳು ಕಳೆದುಕೊಂಡವರು ದಿನವೂ ನನ್ನ ಮೇಜಿನ ಮೇಲಿರುತ್ತಿದ್ದರು. ಮನೆಗೆ ಬಂದರೆ ಗ್ಯಾಸಿನ ರೆಗ್ಯುಲೇಟರನ್ನು ಮೂರು ಸಲ ಮುಟ್ಟಿ ನೋಡುತ್ತಿದ್ದೆ. ಆದರೂ ಅಮ್ಮನ ತಲೆಯ ಮೇಲೆ ತಗಡಿನ ರೆಕ್ಕೆ ಕೂರಿಸಿದವನು ನಾನೇ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಎಗ್ಮೋರ್‌ನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ, ಮೇಲೆ ತಾರಸಿ. ಅಷ್ಟು ಹೊತ್ತಿಗೆ ನಮ್ಮ ಬಾಯಲ್ಲೂ ಅದು ತಮಿಳರ ಮೊಟ್ಟೈಮಾಡಿಯೇ ಆಗಿಹೋಗಿತ್ತು. ಬೇಸಿಗೆ ಬಂತೆಂದರೆ ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅಮ್ಮ ಅಲ್ಲಿ ಹಳೇ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಳು. ಮಧ್ಯಾಹ್ನವೆಲ್ಲ ನೀರಿನ ಟ್ಯಾಂಕಿನ ಪೂರ್ವದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾಗೆ ಕಾಯುತ್ತಿದ್ದಳು.

ಗಾಳಿಗೆ ತಿರುಗುವ ಗಿರಗಿಟ್ಲೆ ಮಾಡುವುದು ನನ್ನ ಭಾನುವಾರದ ಹುಚ್ಚು. ಕಾಗೆ ಬೆದರಿಸಲೆಂದು ಆ ವರ್ಷ ಅಮ್ಮನಿಗೊಂದು ಮಾಡಿಕೊಟ್ಟೆ. ಬೀಸುವ ಕಲ್ಲಿನ ಮುಂದೆ ಕೂತ ಮರದ ಹೆಂಗಸು, ಹಸಿರು ಸೀರೆ. ಎಣ್ಣೆ ಡಬ್ಬದ ತಗಡಿನಲ್ಲಿ ಮೊಳದುದ್ದದ ನಾಲ್ಕು ರೆಕ್ಕೆ. ರೆಕ್ಕೆ ತಿರುಗಿದರೆ ಅದರ ಸರಳಿನ ಮೇಲಿದ್ದ ರಬ್ಬರ್ ಬಿಲ್ಲೆ ಕಲ್ಲಿನ ತಳಕ್ಕೆ ಉಜ್ಜಿ ಕಲ್ಲನ್ನು ತಿರುಗಿಸುತ್ತಿತ್ತು. ಗೂಟ ಹಿಡಿದ ಗೊಂಬೆಯ ಕೈ ಅದರ ಜೊತೆ ಸುತ್ತುತ್ತಿತ್ತು. ಅಮ್ಮ ನೋಡಿ, "ಸೊಂಟ ಇನ್ನೊಂಚೂರು ಬಗ್ಗಿಸಬೇಕಿತ್ತು ಕಣೋ" ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಗಾಳಿ ಬಂದ ಕಡೆಗೆ ಮುಖ ತಿರುಗಿಸಲು ಗಿರಗಿಟ್ಲೆಗೆ ಬಾಲವೊಂದು ಬೇಕು. ನಾನು ಬಾಲ ಇಡಲಿಲ್ಲ. ಈ ಊರಲ್ಲಿ ಮಧ್ಯಾಹ್ನವಾದರೆ ಸಮುದ್ರದ ಗಾಳಿ ಬಂದೇ ಬರುತ್ತದೆ, ಪೂರ್ವದಿಂದಲೇ ಬರುತ್ತದೆ. ಹಾಗಾಗಿ ಪೂರ್ವಕ್ಕೆ ಮುಖಮಾಡಿಸಿ, ಟ್ಯಾಂಕಿನ ಮೇಲೆ ಕಂಬಕ್ಕೆ ಬಿಗಿದುಬಿಟ್ಟೆ. ರೆಕ್ಕೆ ಹಿಡಿದಿಡಲು ಮುಂದೆ ಒಂದೇ ನಟ್ಟು. ಆ ಗಾಳಿಗೆ ರೆಕ್ಕೆ ತಿರುಗಿದಷ್ಟೂ ನಟ್ಟು ತಾನೇ ಬಿಗಿಯಾಗುತ್ತದೆ, ಎರಡನೆಯದು ಯಾಕೆ ದಂಡಕ್ಕೆ ಎಂದು ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಜೂನ್ ಶುರುವಿನ ಒಂದು ಭಾನುವಾರ ಮೂರು ಗಂಟೆಯಾದರೂ ಸಮುದ್ರದ ಗಾಳಿ ಬರಲಿಲ್ಲ. ಪಶ್ಚಿಮದಿಂದ ಬೆಂಕಿಯಂಥ ಬಿಸಿಗಾಳಿ ಬೀಸುತ್ತಲೇ ಇತ್ತು. ನಾನು ಕೆಳಗೆ ಬೀದಿಯ ಅಂಗಡಿಯಲ್ಲಿ ಸೋಡಾ ಕುಡಿಯುತ್ತ ನಿಂತಿದ್ದೆ. ಅಮ್ಮ ಬೀದಿ ಕಡೆಯ ಮೋಟುಗೋಡೆಯಿಂದ ಬಗ್ಗಿ ಕೂಗಿದಳು.

"ಲೋ, ನಿನ್ನ ಗೊಂಬೆ ಉಲ್ಟಾ ಬೀಸ್ತಾ ಇದಾಳೆ ಕಣೋ. ಹಿಂಗೆ ಬೀಸಿದ್ರೆ ಹಿಟ್ಟು ಬಂದ ಹಾಗೇ."

ನಗಲು ಬಾಯಿ ತೆರೆದವನಿಗೆ ಅರ್ಥವಾಯಿತು. ಕಲ್ಲು ಉಲ್ಟಾ ತಿರುಗುತ್ತಿದೆ ಎಂದರೆ ರೆಕ್ಕೆ ಉಲ್ಟಾ ತಿರುಗುತ್ತಿದೆ, ನಟ್ಟು ಬಿಚ್ಚಿಕೊಳ್ಳುತ್ತಿದೆ. ಬಿಚ್ಚಿಕೊಂಡರೆ ಗಾಳಿ ಅದನ್ನು ತಳ್ಳುವುದು ಪೂರ್ವಕ್ಕೆ. ಪೂರ್ವಕ್ಕೆ ಅಮ್ಮನ ಕುರ್ಚಿ.

"ಅಲ್ಲೇ ನಿಂತ್ಕೊ, ಕೂರಬೇಡ" ಎಂದು ಕಿರುಚಿದೆ. ಅವಳಿಗೆ ಕೇಳಿಸಲಿಲ್ಲ. ಕೈ ಬೀಸಿ ಒಳಕ್ಕೆ ಸರಿದಳು.

ಸೋಡಾ ಬಾಟಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಮೊದಲ ಮಹಡಿಯಾಕೆ ಬಾಗಿಲಿಗೆ ಬಂದು, "ಎನ್ನಾಚ್ಚು ಸಾರ್?" ಎಂದರು. ನಿಲ್ಲದೆ ಹತ್ತಿದೆ. ಎರಡನೇ ಮಹಡಿ ತಲುಪುವಷ್ಟರಲ್ಲಿ ಮೇಲೆ ಏನೋ ದಡ್ ಎಂದು ಬಿತ್ತು. ಆಮೇಲೆ ಸದ್ದೇ ಇಲ್ಲ. ಉಳಿದ ಮೆಟ್ಟಿಲುಗಳನ್ನು ಹತ್ತುವಾಗ ನನ್ನ ತಲೆಯಲ್ಲಿ ಕಚೇರಿಯ ಭಾಷೆ ಓಡುತ್ತಿತ್ತು. ಮೃತರ ವಯಸ್ಸು, ಘಟನೆ ನಡೆದ ಸ್ಥಳ, ಕ್ಲೇಮುದಾರನಿಗೂ ಮೃತರಿಗೂ ಇರುವ ಸಂಬಂಧ. ಅಂಥ ಹೊತ್ತಿನಲ್ಲೂ ಮನಸ್ಸು ಫಾರಂ ತುಂಬಿಸಿತಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಕುರ್ಚಿಯ ಬೆನ್ನು ಸೀಳಿತ್ತು. ಸೀಳಿನಲ್ಲಿ ರೆಕ್ಕೆ ಸಿಕ್ಕಿಕೊಂಡಿತ್ತು. ಅಮ್ಮ ಇಲ್ಲ. 

ಟ್ಯಾಂಕಿನ ಹಿಂದಿನಿಂದ, ಸೆರಗು ತಲೆಗೆ ಹೊದ್ದು, ಮಂಡಿ ಹಿಡಿದುಕೊಂಡು ಅವಳು ನಿಧಾನಕ್ಕೆ ಬಂದಳು.

"ಆ ಕಡೆಯಿಂದ ನೋಡಿದ್ರೆ ಸರಿಯಾಗಿ ಬೀಸ್ತಾಳೇನೋ ಅಂತ ಹೋಗಿದ್ದೆ. ಆ ಕಡೆಯಿಂದ್ಲೂ ಉಲ್ಟಾನೇ. ಅಷ್ಟ್ರಲ್ಲಿ ನಿಂತೇಹೋದ್ಳು" ಎಂದಳು. ಆಮೇಲೆ ಕುರ್ಚಿ ನೋಡಿದಳು, ನನ್ನನ್ನು ನೋಡಿದಳು. "ಯಾಕೋ ಹಿಂಗೆ ಬೆವತಿದೀಯ? ಕುರ್ಚಿ ಹೋದ್ರೆ ಹೋಗ್ಲಿ ಬಿಡು."

ಗಿರಗಿಟ್ಲೆಯನ್ನು ಮುರಿದು ಹಾಕಬೇಕೆಂದಿದ್ದೆ. ಅಮ್ಮ ಬಿಡಲಿಲ್ಲ. ಗೊಂಬೆ ಬೀಸದಿದ್ದರೆ ಕಾಗೆಗಳಿಗೆ ಸದರವಂತೆ. ಬಾಲ ಇಟ್ಟೆ, ಎರಡು ನಟ್ಟು ಹಾಕಿದೆ, ಮೇಲೆ ತಂತಿ ಸುತ್ತಿದೆ. ಆದರೂ ನಂಬಿಕೆ ಬರಲಿಲ್ಲ. ಮುಂದಿನ ಬೇಸಿಗೆಗಳಲ್ಲೆಲ್ಲ ರಜೆ ಹಾಕಿ ಗೊಂಬೆಯ ಕೆಳಗೆ ನಾನು ಕೂತೆ, ಅಮ್ಮನನ್ನು ಮೆಟ್ಟಿಲ ಬಾಗಿಲಿನ ನೆರಳಿಗೆ ಕಳಿಸಿದೆ. ರೆಕ್ಕೆ ಒಂಚೂರು ಕಿರುಗುಟ್ಟಿದರೂ ಕತ್ತು ಒಳಕ್ಕೆಳೆದುಕೊಳ್ಳುತ್ತಿದ್ದೆ.

ಒಮ್ಮೆ ಮೈಸೂರಿನ ಚಿಕ್ಕಮ್ಮನ ಜೊತೆ ಫೋನಿನಲ್ಲಿ ಅವಳು ಹೇಳುತ್ತಿದ್ದುದು ಕೇಳಿಸಿತು. "ನನ್ ಮಗಂಗೆ ಸಂಡಿಗೆ ಅಂದ್ರೆ ಪ್ರಾಣ ಕಣೆ. ರಜೆ ಹಾಕ್ಕೊಂಡು ಕೂತು ಕಾಯ್ತಾನೆ."

ಸಂಡಿಗೆ ನನಗೆ ಅಷ್ಟಾಗಿ ಸೇರುವುದಿಲ್ಲ. ಅವಳಿರುವತನಕ ಅದನ್ನು ಹೇಳಲಿಲ್ಲ, ಬಡಿಸಿದಷ್ಟೂ ತಿಂದೆ.