ಎಳ್ಳಿನ ರಾಯಭಾರ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಕೋವಿಡ್ ಇಳಿದು ಎಲ್ಲ ಬಾಗಿಲುಗಳೂ ತೆರೆದ ಮೇಲೆ, ಪೊಟೊಮ್ಯಾಕ್ ನದಿಯ ದಡದಲ್ಲಿ ಈಗ ಮ್ಯೂಸಿಯಂ ಆಗಿರುವ ಒಂದು ಹಳೆಯ ಮನೆಯಲ್ಲಿ ಶನಿವಾರಗಳಂದು ಗೈಡ್ ಆಗಿ ಸೇರಿಕೊಂಡೆ. ಸಂಬಳವಿಲ್ಲ, ಬಾಯಿಗೆ ಕೆಲಸ. ಅಮೆರಿಕ ಇನ್ನೂ ಎಳೆಯ ದೇಶವಾಗಿದ್ದ ಕಾಲದ ಮನೆ ಅದು. ಫ್ರಾನ್ಸ್ ಮತ್ತು ಬ್ರಿಟನ್ ಯುದ್ಧಕ್ಕೆ ನಿಂತಾಗ ಇಲ್ಲಿನ ಮಂತ್ರಿಗಳಲ್ಲೇ ಒಬ್ಬ ಫ್ರಾನ್ಸ್ ಕಡೆ, ಇನ್ನೊಬ್ಬ ಬ್ರಿಟನ್ ಕಡೆ ವಾಲಿದ್ದನ್ನು ಬಂದವರಿಗೆ ಹೇಳುತ್ತಿದ್ದೆ. ನಾವು ಯಾರ ಕಡೆಯೂ ಅಲ್ಲ ಎಂದು ಸಾರಿದ ಮೊದಲ ಅಧ್ಯಕ್ಷರು ಸರ್ಕಾರದೊಳಗೂ ಹೊರಗೂ ಬೈಸಿಕೊಂಡರು. ಆ ಬೈಸಿಕೊಂಡ ಭಾಗವನ್ನು ನಾನು ಬಹಳ ಚೆನ್ನಾಗಿ ಹೇಳುತ್ತಿದ್ದೆ, ಏಕೆಂದರೆ ಅಷ್ಟು ಹೊತ್ತಿಗೆ ನನಗೂ ಅದರ ರುಚಿ ಗೊತ್ತಾಗಿತ್ತು.

ಫೇರ್‌ಫ್ಯಾಕ್ಸ್‌ನ ನಮ್ಮ ಕನ್ನಡ ಸಂಘ ಎರಡು ಹೋಳಾಗಿತ್ತು. ರಾಜ್ಯೋತ್ಸವ ಜೂಮ್‌ನಲ್ಲಿ ಮಾಡುವುದೋ ಹಾಲ್‌ನಲ್ಲೋ ಎಂದು ಶುರುವಾದ ಮಾತು ಎಲ್ಲೆಲ್ಲಿಗೋ ಹೋಗಿ, ಕೊನೆಗೆ ಒಂದು ಸಂಘಕ್ಕೆ ನನ್ನ ಮೈಸೂರಿನ ಗೆಳತಿ ಅಧ್ಯಕ್ಷೆಯಾದಳು, ಇನ್ನೊಂದಕ್ಕೆ ಮಂಡ್ಯದ ಗೆಳತಿ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಮೈಸೂರಿನವಳು ನನಗೆ ಡ್ರೈವಿಂಗ್ ಕಲಿಸಿದ್ದಳು, ಮಂಡ್ಯದವಳು ನನ್ನ ಬಾಣಂತನ ಮಾಡಿದ್ದಳು. ಪ್ರತಿ ಸಂಕ್ರಾಂತಿಗೂ ಮೂವರೂ ಒಂದೇ ಅಡುಗೆಮನೆಯಲ್ಲಿ ಕೂತು ಎಳ್ಳಿಗೆ ಕೊಬ್ಬರಿ, ಬೆಲ್ಲ ಹೆಚ್ಚುತ್ತಿದ್ದೆವು. ಈಗ ಅವರಿಬ್ಬರಿಗೆ ಮಾತಿಲ್ಲ. ಯುಗಾದಿಯಂದು ಒಂದು ಹಾಲ್‌ನಲ್ಲಿ ಹೋಳಿಗೆ ತಿಂದು, ಊರು ಸುತ್ತುವ ಬೆಲ್ಟ್‌ವೇ ರಸ್ತೆಯ ಟ್ರಾಫಿಕ್ಕಿಗೆ ಶಾಪ ಹಾಕುತ್ತಾ ಇನ್ನೊಂದು ಹಾಲ್‌ನ ಪಾಯಸಕ್ಕೆ ಓಡುತ್ತಿದ್ದೆ. ಇಬ್ಬರೂ ನನ್ನನ್ನು ಆ ಕಡೆಯವಳು ಅಂದುಕೊಂಡರು.

ಆಮೇಲೆ ಮೈಸೂರಿನವಳ ಗಂಡನಿಗೆ ಅಟ್ಲಾಂಟಾದಲ್ಲಿ ಕೆಲಸವಾಯಿತು. ಸಂಕ್ರಾಂತಿಯ ಮರುದಿನವೇ ಸಾಮಾನಿನ ಟ್ರಕ್ ಬರುವುದಿತ್ತು. ಹೀಗೇ ಹೊರಟುಹೋದರೆ ಇವರಿಬ್ಬರು ಇನ್ನು ಈ ಜನ್ಮದಲ್ಲಿ ಮಾತಾಡುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದೆ, ಫೋನ್ ತೆಗೆದು ಯಾರಿಗೂ ಮಾಡದೆ ಇಡುತ್ತಿದ್ದೆ.

ಸಂಕ್ರಾಂತಿಗೆ ಮುಂಚಿನ ಶನಿವಾರ ನದಿಯ ಮನೆಯಲ್ಲಿ ಎರಡನೆಯ ಮತ್ತು ಮೂರನೆಯ ಅಧ್ಯಕ್ಷರ ಕಥೆ ಹೇಳುತ್ತಿದ್ದೆ. ಸ್ವಾತಂತ್ರ್ಯಕ್ಕಾಗಿ ಒಟ್ಟಿಗೆ ದುಡಿದವರು ಚುನಾವಣೆಯಲ್ಲಿ ಕಚ್ಚಾಡಿದರು. ಸೋತವರು ಗೆದ್ದವರ ಪ್ರಮಾಣವಚನಕ್ಕೂ ನಿಲ್ಲದೆ ನಸುಕಿಗೇ ಊರು ಬಿಟ್ಟರು. ಮುಂದೆ ಎಷ್ಟೋ ವರ್ಷ ಮಾತಿಲ್ಲ. ಕೊನೆಗೆ ಇಬ್ಬರಿಗೂ ಬೇಕಾದ ಒಬ್ಬ ವೈದ್ಯರು, ಅವರಿಗೆ ನಿಮ್ಮ ಮೇಲೆ ಇನ್ನೂ ಪ್ರೀತಿಯಿದೆ ಎಂದು ಇಬ್ಬರಿಗೂ ಬರೆದು ಬರೆದು ರಾಜಿ ಮಾಡಿಸಿದರು. ದೇಶ ಬ್ರಿಟನ್ನಿನ ಮೇಲೆ ಮತ್ತೆ ಯುದ್ಧಕ್ಕಿಳಿದ ವರ್ಷವೇ ಆ ಇಬ್ಬರು ಮುದುಕರು ಒಂದಾದರು. ಹೇಳುತ್ತಿದ್ದ ಹಾಗೇ ನನ್ನ ತಲೆ ಓಡಿತು. ಆ ವೈದ್ಯರ ಕೈಲಿ ಆದದ್ದು ನನ್ನ ಕೈಲೇಕೆ ಆಗಬಾರದು?

ಸಂಕ್ರಾಂತಿಯ ದಿನ ಒಬ್ಬಳೇ ಕೂತು ಎಳ್ಳು ಮಾಡಿದೆ. ಒಂದು ಪೊಟ್ಟಣ ಹಿಡಿದು ಮಂಡ್ಯದವಳ ಬಾಗಿಲು ತಟ್ಟಿದೆ.

"ಅವಳು ಕಳಿಸಿದ್ಲು. ಹೊರಡೋ ಮುಂಚೆ ನಿಂಗೆ ಕೊಡು ಅಂದ್ಲು," ಎಂದೆ.

ಅವಳು ಎಳ್ಳನ್ನು ಅಂಗೈಗೆ ಸುರಿದುಕೊಂಡು ಬೆರಳಲ್ಲಿ ಆಡಿಸಿದಳು. "ಸುಳ್ಳಿ. ಇದು ನೀನು ಹೆಚ್ಚಿರೋ ಕೊಬ್ಬರಿ ಕಣೇ. ಒಂದೊಂದು ಚೂರೂ ಸೌದೆ ಇದ್ದಂಗದೆ. ಅವಳು ಕರೀ ಸಿಪ್ಪೆ ಒಂಚೂರೂ ಬಿಡದಂಗೆ ಹೆರೀತಾಳೆ, ಎಲ್ಲಾ ಒಂದೇ ಸಮ ಇರ್ತದೆ. ನಂಗೊತ್ತಿಲ್ವಾ?"

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು.

"ಅವಳೇನೂ ಕಳಿಸಿಲ್ಲ, ಅಲ್ವಾ?" ಎಂದಳು. ಎಳ್ಳನ್ನು ಒಂದು ಕಾಳೂ ಚೆಲ್ಲದೆ ಪೊಟ್ಟಣಕ್ಕೆ ಹಾಕಿ, ನನ್ನ ಕೈಗಿಟ್ಟು, ಮೆಲ್ಲಗೆ ಬಾಗಿಲು ಹಾಕಿಕೊಂಡಳು. ದಡಾರನೆ ಹಾಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕಾರಿನಲ್ಲಿ ಕೂತು ನನ್ನನ್ನು ನಾನೇ ಬೈದುಕೊಂಡೆ. ವೈದ್ಯರ ಹತ್ತಿರ ಹೊತ್ತೊಯ್ಯಲು ನಿಜವಾದ ಮಾತೊಂದಿತ್ತು, ನನ್ನ ಹತ್ತಿರ ಏನೂ ಇರಲಿಲ್ಲ. ಎರಡು ಸಿಗ್ನಲ್ ದಾಟಿದ ಮೇಲೆ ಹೊಳೆಯಿತು: ಈಗ ಇದೆ, ಮಂಡ್ಯದವಳದೇ ಮಾತು. ಮೈಸೂರಿನವಳ ಮನೆಯ ಕಡೆ ಕಾರು ತಿರುಗಿಸಿದೆ.

ಅಲ್ಲಿ ಗೋಡೆಯುದ್ದಕ್ಕೂ ರಟ್ಟಿನ ಡಬ್ಬಗಳು. ಅಡುಗೆಮನೆಯೂ ಖಾಲಿ. ನಡೆದದ್ದನ್ನು ನಿಂತಲ್ಲೇ ಒದರಿದೆ.

"ನಿಂಗೆ ಬೇರೆ ಕೆಲ್ಸ ಇಲ್ವಾ?" ಎಂದು ಅವಳು ರೇಗಿದಳು. "ನನ್ ಹೆಸರಲ್ಲಿ ಸುಳ್ಳು ಹೇಳ್ಕೊಂಡು ತಿರುಗ್ತೀಯಲ್ಲ, ನಾಚಿಕೆ ಆಗಲ್ವಾ?" ಆಗಲೇ ಚೊಕ್ಕಟವಾಗಿದ್ದ ಕಟ್ಟೆಯನ್ನು ಮತ್ತೆ ಒರೆಸತೊಡಗಿದಳು. ಒರೆಸುತ್ತಲೇ, ನನ್ನ ಕಡೆ ತಿರುಗದೆ ಕೇಳಿದಳು: "ಸಿಪ್ಪೆ ಹೆರಿಯೋದು ನೆನಪಿದ್ಯಂತಾ?"

"ನೋಡಿದ ತಕ್ಷಣ ಹೇಳಿದ್ಲು."

"ಆಮೇಲೆ?"

"ಅವಳೇನೂ ಕಳಿಸಿಲ್ಲ, ಅಲ್ವಾ ಅಂತ ಕೇಳಿದ್ಲು."

"ಹೇಗ್ ಕೇಳಿದ್ಲು?"

"ಮಕ್ಕಳು ಕೇಳ್ತಾರಲ್ಲ, ಹಾಗೆ."

ಒರೆಸುವ ಕೈ ನಿಂತಿತು. ಇನ್ನೊಂದು ಮಾತಾಡಿದರೆ ಕೆಡಿಸುತ್ತೇನೆ ಎಂದು ನಾಲಿಗೆ ಕಚ್ಚಿಕೊಂಡು ನಿಂತೆ. ಅವಳು ಗೋಡೆಯ ಹತ್ತಿರ ಹೋಗಿ, ಟೇಪು ಬಿಗಿದಿದ್ದ ಒಂದು ಡಬ್ಬವನ್ನು ಎಳೆದು, ಟೇಪನ್ನು ಪರ್ರನೆ ಕಿತ್ತು, ಹಳೆಯ ಪೇಪರು ಸುತ್ತಿದ್ದ ಚಾಕು ಹೊರತೆಗೆದಳು.

"ಮನೇಲಿ ಕೊಬ್ಬರಿ ಉಳಿದಿದ್ಯಾ?"

"ಇದೆ."

"ತಗೊಂಬಾ. ಹೆಚ್ಚೋಕೆ ಹೋಗ್ಬೇಡ, ಇಡೀದೇ ತಗೊಂಬಾ. ಆಮೇಲೆ ಇಬ್ರೂ ಅವಳ ಮನೆಗೆ ಹೋಗೋಣ."

ನಾನು ಕಾರಿನ ಕೀ ಹುಡುಕತೊಡಗಿದೆ. ಜೇಬು, ಚೀಲ, ಕಟ್ಟೆ ಎಲ್ಲ ತಡಕಾಡಿದೆ. ಅದು ನನ್ನ ಕೈಯಲ್ಲೇ ಇತ್ತು.