ಗಜೇಂದ್ರಗಡದಲ್ಲಿ ಅಮೆರಿಕದ ಮತದಾನ

ಹುಬ್ಬಳ್ಳಿಯಿಂದ ನಸುಕಿನ ಬಸ್ಸಿಗೆ ಹೊರಟಾಗ ನನಗೆ ಸರಿಯಾಗಿ ನಿದ್ದೆಯಾಗಿರಲಿಲ್ಲ. ನಾನು ಅಲ್ಲಿಯ ಒಂದು ದಿನಪತ್ರಿಕೆಯಲ್ಲಿ ವಿದೇಶಿ ಸುದ್ದಿಯ ಪುಟ ನೋಡಿಕೊಳ್ಳುವವಳು. ಕೆಲವು ತಿಂಗಳಿಂದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಸುದ್ದಿ ಬಿಟ್ಟರೆ ಬೇರೆ ಗೊಡವೆ ಇರಲಿಲ್ಲ. ಒಂದು ಸಮೀಕ್ಷೆ ಇವರು ಮುಂದೆ ಎನ್ನುವುದು, ಮರುದಿನ ಇನ್ನೊಂದು ಅವರು ಮುಂದೆ ಎನ್ನುವುದು. ಎರಡನ್ನೂ ಕನ್ನಡಕ್ಕೆ ತಿರುಗಿಸಿ ತಿರುಗಿಸಿ ತಲೆ ಚಿಟ್ಟು ಹಿಡಿದಿತ್ತು. ಅಂದು ಅಲ್ಲಿ ಮತದಾನ. ರಾತ್ರಿಯ ಪಾಳಿಗೆ ನಾನು ಕಚೇರಿಯಲ್ಲಿ ಇರಲೇಬೇಕಿತ್ತು. ಆದರೂ ಹೊರಟಿದ್ದೆ, ಏಕೆಂದರೆ ಧಾರವಾಡದಲ್ಲಿ ನನ್ನೊಂದಿಗೆ ಓದಿದ ದಸ್ತಗೀರನಿಗೆ ಮಾತು ಕೊಟ್ಟಿದ್ದೆ.

ದಸ್ತಗೀರ ಗಜೇಂದ್ರಗಡದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಾನೆ. ಅಮೆರಿಕದವರು ಮತ ಹಾಕುವ ದಿನವೇ ತನ್ನ ವಿದ್ಯಾರ್ಥಿಗಳಿಂದ ಅಣಕು ಅಧ್ಯಕ್ಷೀಯ ಚುನಾವಣೆ ಮಾಡಿಸುತ್ತೇನೆ, ಬಂದು ನಾಲ್ಕು ಮಾತಾಡು ಎಂದು ಕರೆದಿದ್ದ.

ಕಂಡಕ್ಟರ್ ಹೆಣ್ಣುಮಕ್ಕಳ ಉಚಿತ ಚೀಟಿ ಹರಿದುಕೊಟ್ಟ. ನವಲಗುಂದ ದಾಟಿದ ಮೇಲೆ ಎರಡೂ ಕಡೆ ಕರಿಮಣ್ಣು, ಗೇಣುದ್ದ ಬೆಳೆದ ಕಡಲೆ, ಮುಂದೆ ಜೋಳ. ಗಾಳಿ ತಣ್ಣಗಿತ್ತು. ನರಗುಂದದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಗುಡ್ಡದ ಮೇಲೆ ಆಗಷ್ಟೇ ಬಿಸಿಲು ಬಿದ್ದಿತ್ತು. ಗಿರಮಿಟ್ಟಿನ ಪೊಟ್ಟಣ ಹಿಡಿದು ಕೂತೆನಾದರೂ ತಿನ್ನಲಾಗಲಿಲ್ಲ. ಕಚೇರಿಯಿಂದ ಫೋನಿನ ಮೇಲೆ ಫೋನು. ಪಕ್ಕದಲ್ಲಿದ್ದ ಬೆಳವಣಕಿಯ ಹತ್ತಿ ವ್ಯಾಪಾರಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

“ಅಮೆರಿಕಾದಾಗ ಯಾರು ಬರತಾರ್ರಿ?”

“ಗೊತ್ತಿಲ್ರಿ. ಭಾಳ ಬಿಗಿ ಐತಿ.”

“ಪೇಪರಿನ್ಯಾಗ ಇದ್ದು ಗೊತ್ತಿಲ್ಲಂದ್ರ ಹ್ಯಾಂಗ್ರಿ?” ಎಂದು ನಕ್ಕು, ತಮ್ಮ ಕಡೆಯ ಕಳೆದ ಚುನಾವಣೆಯಲ್ಲಿ ಯಾರು ಬರುತ್ತಾರೆಂದು ತಾವು ಮೊದಲೇ ಹೇಳಿದ್ದನ್ನು ವಿವರಿಸಿದರು. ನೀವು ಯಾರಿಗೆ ಹಾಕಿದಿರಿ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು: “ನಾ ಹೋಗಲೇ ಇಲ್ರಿ. ನಮ್ಮಂವ ಹ್ಯಾಂಗೂ ಬರತಿರಲಿಲ್ಲ.”

ರೋಣದಲ್ಲಿ ಬಸ್ಸು ಬದಲಿಸಿದೆ. ಗಜೇಂದ್ರಗಡದ ಗುಡ್ಡದ ಸಾಲು, ಅದರ ಮೇಲಿನ ಗಾಳಿಯಂತ್ರಗಳು ಕಾಣಿಸಿಕೊಂಡಾಗ ಬಿಸಿಲು ಏರಿತ್ತು. ದಸ್ತಗೀರ ನಿಲ್ದಾಣದಲ್ಲೇ ಕಾಯುತ್ತಿದ್ದ.

“ಲಗೂ ಬಾ ಶೋಭಾ. ಹುಡುಗರು ನನ್ನ ಮಾತ ಕೇಳವಲ್ಲರು,” ಎಂದ. ದಾರಿಯಲ್ಲಿ ಪ್ರಸಂಗ ತಿಳಿಯಿತು. ಇಬ್ಬರು ಅಭ್ಯರ್ಥಿಗಳು. ಅಮೆರಿಕದ ಎರಡು ಪಕ್ಷಗಳ ಗುರುತನ್ನೇ ಇಟ್ಟಿದ್ದ: ಮಲ್ಲಿಕಾರ್ಜುನನಿಗೆ ಆನೆ, ಸಬೀನಾಗೆ ಕತ್ತೆ. ಅಮೆರಿಕದಲ್ಲೂ ಕತ್ತೆಯ ಪಕ್ಷದಿಂದ ನಿಂತದ್ದು ಹೆಣ್ಣುಮಗಳೇ. ಹೆಸರಿನಲ್ಲೇ ಆನೆ ಇರುವ ಊರಿನಲ್ಲಿ ಕತ್ತೆಗೆ ಮತ ಕೇಳುವುದು ಎಂಥ ಪಾಡೆಂದು ಆಮೇಲೆ ಹೊಳೆಯಿತಂತೆ. ಅಣಕು ಎಂದರೂ ಅದರಲ್ಲಿ ಒಂದು ನಿಜವಿತ್ತು. ಗೆದ್ದವರು ಧಾರವಾಡದ ವಿದ್ಯಾರ್ಥಿ ಸಂಸತ್ತಿಗೆ ಕಾಲೇಜಿನ ತಂಡದ ನಾಯಕರಾಗಿ ಹೋಗುವವರಿದ್ದರು. ಆವರೆಗೆ ಯಾವ ಹುಡುಗಿಯೂ ನಾಯಕಿಯಾಗಿರಲಿಲ್ಲ. ಸಬೀನಾಳ ತಂದೆ ಪೇಟೆಯಲ್ಲಿ ಬಟ್ಟೆ ಹೊಲಿಯುವವರು. ಗೆದ್ದರೆ ಕಳಿಸುತ್ತೇನೆ ಎಂದಿದ್ದರು.

ಕಾಲೇಜಿನ ಬಾಗಿಲಲ್ಲೇ ಈರಣ್ಣ ಎಂಬ ವಿದ್ಯಾರ್ಥಿ ಮೊಬೈಲ್ ಹಿಡಿದು ನಿಂತಿದ್ದ. ಕಾಲೇಜಿನ ಮೊಬೈಲ್ ಗುಂಪಿನಲ್ಲಿ ‘ಸುದ್ದಿ’ ನಡೆಸುವವನು ಅವನೇ. “ಮೇಡಂರಿ, ಅಲ್ಲಿ ಹೆಣ್ಣುಮಗಳು ಗೆಲ್ಲತಾಳೇನ್ರಿ?” ಎಂದ. ಅಲ್ಲಿ ಹೆಣ್ಣುಮಗಳು ಗೆಲ್ಲೋದು ಕಷ್ಟ ಅಂತ ಪತ್ರಿಕೆಯವರೂ ಟೀವಿಯವರೂ ದಿನಾ ಹೇಳುತ್ತಾರೆ, ಕೇಳಿ ಕೇಳಿ ಜನ ಅದನ್ನೇ ನಂಬುತ್ತಾರೆ, ನಂಬಿದವರು ಮನೆಯಲ್ಲಿ ಕೂತರೆ ಆಗ ನಿಜವಾಗಿಯೂ ಕಷ್ಟವಾಗುತ್ತದೆ ಎಂದು ಸಾವಕಾಶವಾಗಿ ಹೇಳಿದೆ.

ಸಭೆಯಲ್ಲಿ ನನ್ನ ನಾಲ್ಕು ಮಾತಾದ ಮೇಲೆ ಇಬ್ಬರು ಅಭ್ಯರ್ಥಿಗಳೂ ಮಾತಾಡಿದರು. ಮಲ್ಲಿಕಾರ್ಜುನನದು ಸಣ್ಣ ಭಾಷಣ: ಕೆಲಸ, ದಿನಸಿಯ ತುಟ್ಟಿ, ಅಷ್ಟೇ. ಸಬೀನಾ ಎದ್ದಾಗ ಹಿಂದಿನ ಸಾಲಿನಿಂದ ಯಾರೋ ಕತ್ತೆಯಂತೆ ಅರಚಿದರು. ಆಕೆ ನಿಂತು, ನಗೆ ಮುಗಿಯುವ ತನಕ ಕಾದಳು. “ಕತ್ತಿ ಭಾರ ಹೊರತೈತಿ. ಆನಿ ಮೆರವಣಿಗ್ಯಾಗ ಹೋಗತೈತಿ. ನಿಮಗ ಯಾವುದು ಬೇಕು ನೋಡ್ರಿ,” ಎಂದು ಶುರು ಮಾಡಿದಳು. ಸಭೆ ಅವಳದಾಯಿತು. ಕೊನೆಗೆ ವಿದ್ಯಾರ್ಥಿಗಳು ಇಬ್ಬರಿಗೂ ಒಂದೆರಡು ಪ್ರಶ್ನೆ ಕೇಳಿದರು. ಇವಳೇ ಗೆಲ್ಲುತ್ತಾಳೆಂದು ನನಗೆ ಅನಿಸಿತು. ಗೆಲ್ಲಲಿ ಎಂದೂ ಅನಿಸಿತು.

ಊಟಕ್ಕೆ ರೊಟ್ಟಿ, ಬದನೆಕಾಯಿ ಪಲ್ಯ. ಎರಡನೇ ರೊಟ್ಟಿ ಮುರಿಯುವಷ್ಟರಲ್ಲಿ ದಸ್ತಗೀರ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ತೆರೆಯ ಮೇಲೆ ನನ್ನ ಮುಖ. “ಅಲ್ಲಿ ಹೆಣ್ಣುಮಗಳು ಗೆಲ್ಲೋದು ಕಷ್ಟ,” ಎಂದು ನಾನು ಹೇಳುತ್ತಿದ್ದೆ. ಅಲ್ಲಿಗೆ ವಿಡಿಯೋ ಮುಗಿದಿತ್ತು. ಕೆಳಗೆ ದಪ್ಪ ಅಕ್ಷರ: ‘ಹುಬ್ಬಳ್ಳಿ ಪತ್ರಕರ್ತೆ ಪ್ರಕಾರ ಆನೆಯೇ ಮುಂದೆ’.

ಈರಣ್ಣನನ್ನು ಕರೆಸಿದೆವು. ಅವನು ಗಾಬರಿಯಾಗಲಿಲ್ಲ. “ಉದ್ದ ಹಾಕಿದ್ರ ಯಾರೂ ನೋಡಂಗಿಲ್ರಿ ಮೇಡಂ. ಪೇಪರಿನ್ಯಾಗ ನೀವೂ ಕಟ್ ಮಾಡೇ ಹಾಕತೀರಲ್ರಿ?” ಎಂದ. ಆನೆಯ ಪಕ್ಷದವನೇನೋ ನೀನು ಎಂದು ದಸ್ತಗೀರ ಗದರಿದರೆ, “ನಾ ಯಾರ ಪಕ್ಷನೂ ಅಲ್ರಿ ಸರ್. ಜನಕ್ಕ ಯಾರು ಗೆಲ್ಲತಾರ ಅನ್ನೋದಷ್ಟ ಬೇಕು,” ಎಂದ. ಪೂರ್ತಿ ಮಾತನ್ನು ಮತ್ತೆ ಹಾಕಿಸಿದೆವು. ಆದರೆ ಅಂಗಳ ಆಗಲೇ ಖಾಲಿಯಾಗತೊಡಗಿತ್ತು. ಪಕ್ಕದ ಹಳ್ಳಿ ಪುರ್ತಗೇರಿಯ ಹುಡುಗಿಯರು ಮತ ಹಾಕದೆ ಮಧ್ಯಾಹ್ನದ ಬಸ್ಸು ಹಿಡಿಯಲು ನಿಲ್ದಾಣಕ್ಕೆ ಹೋಗಿದ್ದರು.

ಮತದಾನ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ನಾನು ಕೈ ತೊಳೆದು ನಿಲ್ದಾಣದ ಕಡೆ ಓಡಿದಂತೆಯೇ ನಡೆದೆ. ಬಸ್ಸು ನಿಂತಿತ್ತು, ಯಂತ್ರ ಚಾಲೂ ಇತ್ತು. ಹತ್ತಿ ಒಳಗೆ ನಿಂತೆ. ಹುಡುಗಿಯರು ನನ್ನನ್ನು ನೋಡಿ ಸರಿದು ಜಾಗ ಮಾಡಿದರು.

“ನಾ ಹೇಳಿದ್ದು ಅಷ್ಟ ಅಲ್ಲ. ಅದನ್ನ ಕತ್ತರಿಸಿ ಹಾಕ್ಯಾರ,” ಎಂದೆ. “ಯಾರು ಗೆಲ್ಲತಾರಂತ ನನಗೂ ಗೊತ್ತಿಲ್ಲ. ನಿಮ್ಮ ಮತ ನೀವ ಹಾಕಿ ಹೋಗ್ರಿ.”

“ಈ ಬಸ್ ಬಿಟ್ರ ಸಂಜಿಗೇರಿ,” ಎಂದಳೊಬ್ಬಳು. “ಮನ್ಯಾಗ ಬೈತಾರ್ರಿ.”

“ಲಗೂ ಮುಗಸ್ರಿ ಅಕ್ಕಾರ, ಟೈಮ್ ಆತು,” ಎಂದು ಡ್ರೈವರ್ ಹಾರ್ನ್ ಹೊಡೆದ.

ಕಿಟಕಿಯ ಬಳಿ ಕೂತಿದ್ದ ನೀಲಾ ಎಂಬ ಹುಡುಗಿ ಮೊದಲು ಎದ್ದಳು. ಅವಳ ಹಿಂದೆ ಇನ್ನೂ ಐದಾರು ಮಂದಿ. ಉಳಿದವರು ತಲೆ ತಗ್ಗಿಸಿದರು. ಅವರನ್ನು ಒತ್ತಾಯಿಸಲು ಮನಸ್ಸಾಗಲಿಲ್ಲ. ಇಳಿದವರನ್ನು ಕಾಲೇಜಿಗೆ ಕರೆದುಕೊಂಡು ಹೋಗುವಾಗ, ಖರೇ ಹೇಳಬೇಕೆಂದರೆ, ಸಬೀನಾಗೆ ಅಷ್ಟು ಮತ ತಂದುಕೊಟ್ಟೆನೆಂಬ ಹಿಗ್ಗು ನನ್ನಲ್ಲಿತ್ತು.

ಸಬೀನಾ ನಾಲ್ಕು ಮತಗಳಿಂದ ಸೋತಳು.

ಫಲಿತಾಂಶ ಹೇಳಿದಾಗ ಆಕೆಯ ಮುಖ ಒಮ್ಮೆ ಬಿಳಿಚಿಕೊಂಡಿತು. ನಂತರ ಹೋಗಿ ಮಲ್ಲಿಕಾರ್ಜುನನಿಗೆ ಕೈ ಮುಗಿದಳು. “ಸರ್, ನಾಯಕಿ ಅಲ್ಲದಿದ್ರೂ ಟೀಮಿನ್ಯಾಗ ಬರಬಹುದಲ್ರಿ?” ಎಂದು ದಸ್ತಗೀರನನ್ನು ಕೇಳಿದಳು. “ಅಪ್ಪಾಗ ಏನ ಹೇಳತಿ?” ಎಂದು ಅವನು ಕೇಳಿದ. “ಸೋತೀನಿ, ಆದ್ರೂ ಹೋಗತೀನಿ ಅಂತ ಹೇಳತೀನ್ರಿ. ನೀವೂ ಬಂದು ಒಂದ ಮಾತ ಹೇಳ್ರಿ,” ಎಂದಳು. ಇಂದೇ ಬರುತ್ತೇನೆ ಎಂದ ದಸ್ತಗೀರ.

ಸಂಜೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ರೋಣದ ಬಸ್ಸಿಗೆ ಕಾಯುತ್ತ ಕೂತೆ. ಕೂರಲಾಗದೆ ಎದ್ದೆ, ಮತ್ತೆ ಕೂತೆ. ಪುರ್ತಗೇರಿಯ ಬಸ್ಸಿಗೆ ಕಾಯುತ್ತಿದ್ದ ನೀಲಾ ಬಂದು ಪಕ್ಕದಲ್ಲಿ ಕೂತಳು.

“ನಿಮಗ ತ್ರಾಸ ಕೊಟ್ನಿ. ಇಷ್ಟ ಮಾಡಿದ್ರೂ ಸಬೀನಾ ಗೆಲ್ಲಲಿಲ್ಲ,” ಎಂದೆ.

ನೀಲಾ ಚೀಲವನ್ನು ಕಾಲ ಬಳಿ ಇಳಿಸಿದಳು. “ನಾ ಆನಿಗಿ ಹಾಕೀನ್ರಿ,” ಎಂದಳು.

ನಾನು ಅವಳ ಮುಖ ನೋಡಿದೆ.

“ಸಬೀನಾ ಚಲೋ ಮಾತಾಡಿದ್ಲ್ರಿ. ಆದ್ರ ತುಟ್ಟಿ ಬಗ್ಗೆ ಕೇಳಿದ್ರ ಸುತ್ತಿ ಬಳಸಿ ಹೇಳಿದ್ಲು. ಮಲ್ಲು ನೆಟ್ಟಗ ಹೇಳಿದ.”

“ಹಂಗಾದ್ರ ಬಸ್ ಯಾಕ ಹತ್ತಿದ್ದಿ?”

“ನಿಮ್ಮ ವಿಡಿಯೋ ನೋಡೇರಿ. ಆನಿ ಹ್ಯಾಂಗೂ ಗೆಲ್ಲತೈತಿ, ನನ್ನ ವೋಟ್ ಯಾಕ ಅಂತ ಹತ್ತಿದ್ದೆ. ನೀವು ಬಂದು ಕರದ್ರಿ, ಇಳದ್ನಿ.”

ಅವಳೊಂದಿಗೆ ಇಳಿದವರಲ್ಲಿ ಇನ್ನೆಷ್ಟು ಮಂದಿ ಹಾಗೆ ಹಾಕಿದರೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಲು ಹೋಗಿ ಬಿಟ್ಟೆ. “ಇದನ್ನ ಸಬೀನಾಗ ಹೇಳೀಯೇನ?” ಎಂದು ಕೇಳಿದೆ.

“ಹೇಳೀನ್ರಿ. ಆಕಿ ನನ್ನ ಗೆಳತಿ. ಮೊದಲ ಸಿಟ್ಟ ಮಾಡಿದ್ಲು. ಆಮ್ಯಾಲ, ತುಟ್ಟಿ ಬಗ್ಗೆ ಏನ ಹೇಳಬೇಕಿತ್ತ ಹೇಳ ಅಂತ ನನ್ನ ಕೂಡ್ರಿಸಿಕೊಂಡ ಕೇಳಿದ್ಲು.”

ಪುರ್ತಗೇರಿಯ ಬಸ್ಸು ಬಂತು. ನೀಲಾ ಚೀಲ ಎತ್ತಿಕೊಂಡು, “ಬರತೀನ್ರಿ ಮೇಡಂ,” ಎಂದು ಗದ್ದಲದೊಳಗೆ ನುಗ್ಗಿದಳು. ನನ್ನ ಬಸ್ಸು ಹೊರಟಾಗ ಗುಡ್ಡದ ಮೇಲೆ ಬೆಳಕು ಆರುತ್ತಿತ್ತು. ಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿಯ ಮುಂದೆ ದಸ್ತಗೀರ ಬೈಕು ನಿಲ್ಲಿಸಿ ಒಳಗೆ ಹೋಗುತ್ತಿದ್ದುದು ಕಂಡಿತು. ಅಷ್ಟರಲ್ಲಿ ಕಚೇರಿಯ ಫೋನು ಬಂತು. ಅಮೆರಿಕದಲ್ಲಿ ಮತದಾನ ಜೋರಾಗಿದೆಯಂತೆ, ಯಾರಿಗೆ ಅನುಕೂಲ, ಒಂದು ಸಾಲು ಹೇಳಿ ಎಂದರು. ನಾನು ಕಿಟಕಿಯಿಂದ ಕತ್ತು ಹೊರಳಿಸಿ ಆ ಅಂಗಡಿ ಮರೆಯಾಗುವ ತನಕ ನೋಡಿ, ಮತಗಟ್ಟೆಗೆ ಇಳಿದು ಬಂದವರು ಯಾರಿಗೆ ಹಾಕುತ್ತಾರೆಂದು ನನಗೆ ಗೊತ್ತಿಲ್ಲ ಎಂದೆ.