ಕೂಸಿಲ್ಲದ ಬಾಣಂತನ

ಚಳಿಗಾಲದಲ್ಲಿ ಒಳಗೆ ಕೂತರೆ ಮನಸ್ಸಿನ ಗಾಯ ತಾನಾಗಿ ಮಾಯುತ್ತದೆ ಎನ್ನುವವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಕಿಟಕಿ ತೆರೆದಿತ್ತೋ, ಮುಚ್ಚಿತ್ತೋ?

ಆ ಮಾಗಿಯಲ್ಲಿ ನಾನು ಚಿತ್ರದುರ್ಗದ ಹಾಸ್ಟೆಲಿನಿಂದ ಬಾಗೂರಿನ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್‌ಗಳ ಸೊಕ್ಕು ಇನ್ನೂ ಇಳಿದಿರಲಿಲ್ಲ. ಅಕ್ಕ ಹೊಳಲ್ಕೆರೆಯ ಗಂಡನ ಮನೆಯಲ್ಲಿದ್ದಾಗಲೇ, ತಿಂಗಳು ತುಂಬುವ ಮೊದಲೇ ಹೆತ್ತು, ಬರಿಗೈಯಲ್ಲಿ ತವರಿಗೆ ಬಂದಿದ್ದಳು. ಕೂಸು ಉಸಿರಾಡಲೇ ಇಲ್ಲ. ಆದರೂ ಅವ್ವ ಬಾಣಂತನವನ್ನು ಒಂದು ಚೂರೂ ಬಿಡದೆ ನಡೆಸುತ್ತಿದ್ದಳು: ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಮೈ ಸುಡುವ ನೀರು, ಮಂಚದ ಕೆಳಗೆ ಕೆಂಡ ತುಂಬಿದ ಮಣ್ಣಿನ ಬೋಗುಣಿ, ಅದರ ಮೇಲೆ ಉದುರಿಸಿದ ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ತೊಟ್ಟಿಲೊಂದೇ ಇರಲಿಲ್ಲ. ಅಕ್ಕ ಮಾತು ಬಿಟ್ಟಿದ್ದಳು.

“ಕೂಸೇ ಇಲ್ಲ, ಇದೆಲ್ಲ ಯಾರಿಗೆ?” ಎಂದು ನಾನು ಒಲೆಯ ಮುಂದೆ ಜಗಳ ತೆಗೆದೆ.

“ಕೂಸಿಲ್ಲ ಅಂತ ಹೆತ್ತ ಮೈಗೆ ಗೊತ್ತಾಗ್ತೈತೇನೇ? ಸುಮ್ನಿರು ಲಾಯರಮ್ಮ. ಚಳಿಯಾಗೆ ಒಳಗೆ ಕುಂತು ಅತ್ತು ಮುಗಿಸ್ಲಿ. ಸಂಕ್ರಾಂತಿ ಹೊತ್ತಿಗೆ ಮೈನೂ ಮನಸೂ ಒಂದು ಹದಕ್ಕೆ ಬರ್ತಾವೆ.”

“ಅವಳು ಅಳ್ತಾನೇ ಇಲ್ವಲ್ಲವ್ವ!”

ಅವ್ವ ಬಗ್ಗಿ ಒಲೆ ಊದಿದಳು. ನಾನು ಅದನ್ನು ಗೆಲುವು ಎಂದುಕೊಂಡೆ.

ಮುಚ್ಚಿದ ಕೋಣೆಯಲ್ಲಿ ಕೆಂಡ ಉಸಿರು ಕಟ್ಟಿಸುತ್ತದೆ ಎಂಬುದು ನನ್ನ ಮುಖ್ಯ ವಾದ. ಹಾಗಾಗಿ ಸಂಜೆ ಬೋಗುಣಿ ಇಟ್ಟ ಕೂಡಲೇ ಓಣಿಯ ಕಡೆಯ ಕಿಟಕಿಯನ್ನು ಒಂದು ಗೇಣು ತೆರೆದು, ಸಂದಿಗೆ ಜೋಳದ ದಂಟು ಸಿಕ್ಕಿಸಿ ಬರುತ್ತಿದ್ದೆ. ಬೆಳಗ್ಗೆ ನೋಡಿದರೆ ದಂಟು ನೆಲದ ಮೇಲೆ, ಕಿಟಕಿಗೆ ಚಿಲಕ. ಅವ್ವನದೇ ಕೆಲಸ ಎಂದು ನಾನು. ಗಾಳಿ ಎಂದು ಅವಳು. ಚಿಲಕ ಹಾಕುವ ಗಾಳಿಯನ್ನು ನಾನು ಎಲ್ಲೂ ಕಂಡಿರಲಿಲ್ಲ.

ಒಂದು ಬೆಳಗ್ಗೆ, ಮಂಜಿನಲ್ಲಿ ಎದುರುಮನೆಯೂ ಕಾಣದ ಹೊತ್ತಿನಲ್ಲಿ, ಕರೆದರೆ ಅಕ್ಕ ಏಳಲಿಲ್ಲ. ಕಣ್ಣು ಅರ್ಧ ತೆರೆದಿತ್ತು, ಒಳಗೆ ಯಾರೂ ಇಲ್ಲದ ಹಾಗೆ. ಅವ್ವ ಕಾಲು ಹಿಡಿದಳು, ನಾನು ಕಂಕುಳು. ಜಗಲಿಗೆ ಎಳೆದು ತಂದೆವು. ತಣ್ಣನೆಯ ಗಾಳಿ ಬಡಿದ ಮೇಲೆ ವಾಂತಿ ಮಾಡಿಕೊಂಡಳು. ಆಮೇಲೆ ಉಸಿರು ನೆಟ್ಟಗಾಯಿತು.

“ನೋಡಿದ್ಯಾ? ನೀನು ಮುಚ್ಚಿದ್ದಕ್ಕೇ!” ಎಂದು ಅವ್ವನ ಮೇಲೆ ಕೂಗಾಡಿದೆ.

“ಅವ್ವನ್ನ ಬೈಬ್ಯಾಡ ಕಣೇ,” ಅಕ್ಕ ಅಂದಳು. ತವರಿಗೆ ಬಂದ ಮೇಲೆ ಆಡಿದ ಮೊದಲ ಮಾತು. “ನಾನೇ ಮುಚ್ತಿದ್ದೆ. ಎದುರುಮನೆ ಕೂಸು ಅಳ್ತೈತೆ. ಅದು ಅತ್ರೆ ನನ್ನ ಎದೆ ನೆನೀತೈತೆ.”

ಎದುರುಮನೆಯ ಮಗಳೂ ಅದೇ ತಿಂಗಳು ಹೆತ್ತು ತವರಿನಲ್ಲಿದ್ದಳು. ಆ ಅಳು ನನಗೂ ದಿನವೂ ಕೇಳುತ್ತಿತ್ತು. ನನ್ನ ಯಾವ ವಾದದಲ್ಲೂ ಅದಕ್ಕೆ ಜಾಗವಿರಲಿಲ್ಲ.

ಕೆಂಡ ಅಂದೇ ಹೊರಗೆ ಹೋಯಿತು; ಕಿಟಕಿ ತೆರೆದು ನಾನು ಮತ್ತೆ ದಂಟು ಸಿಕ್ಕಿಸಿದೆ. ಅಕ್ಕ ಒಂದೇ ಆಸೆ ಹೇಳಿದಳು: ಆ ಕೂಸನ್ನು ಒಮ್ಮೆ ನೋಡಬೇಕು. ಅವ್ವ ಬೇಡವೆಂದಳು, ಕಾರಣ ಹೇಳಲಿಲ್ಲ. ಕಾರಣವಿಲ್ಲದ ‘ಬೇಡ’ ನನ್ನ ಮುಂದೆ ನಿಲ್ಲುವುದುಂಟೇ? ಬಿಸಿಲು ಏರಿದ ಮೇಲೆ ಅಕ್ಕನ ಕೈ ಹಿಡಿದು ಓಣಿ ದಾಟಿಸಿದೆ.

ಎದುರುಮನೆಯ ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತಳು. ಒಳಗೆ ಕೂಸು ಕಿರುಚುತ್ತಿತ್ತು.

“ಈಗಿನ್ನ ಮಲಗೈತೆ ಕಣವ್ವ. ಇನ್ನೊಂದಿನ ಬಾ.”

“ಅಳ್ತಾ ಐತಲ್ಲಜ್ಜಿ!” ಎಂದೆ.

ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. ಅಕ್ಕನ ಕುಪ್ಪಸದ ಮೇಲೆ ಹರಡುತ್ತಿದ್ದ ಒದ್ದೆಯನ್ನು ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. ಬಾಗಿಲು ಮುಚ್ಚಿತು; ಒಳಗಿನಿಂದ ಅಗುಳಿ ಬಿದ್ದ ಸದ್ದು.

“ನಡಿ, ಒಳಗೆ ಹೋಗಾಣ. ಚಳಿ,” ಎಂದಳು ಅಕ್ಕ. ಬಿಸಿಲು ನೆತ್ತಿ ಸುಡುತ್ತಿತ್ತು.

ಕೋಣೆಗೆ ಬಂದವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕಿಟಕಿ ತೆರೆದೇ ಇತ್ತು. ಅಳು ಬರುತ್ತಲೇ ಇತ್ತು. ನಾನು ದಂಟು ಕಿತ್ತು, ಕಿಟಕಿ ಎಳೆದು, ಚಿಲಕ ಹಾಕಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸಂಕ್ರಾಂತಿ ಇನ್ನೂ ದೂರವಿತ್ತು.